ಉದಗೀರದ ನಡುಕದ ಕಚೇರಿ

ಫಸಲಿ ಸನ್ ೧೩೧೪ರಲ್ಲಿ, ಅಂದರೆ ಇಂಗ್ಲಿಷ್ ಲೆಕ್ಕದ ೧೯೦೫ರಲ್ಲಿ, ಉದಗೀರದಿಂದ ಮುನ್ನೂರು ಹರದಾರಿ ದೂರದ ಉತ್ತರದ ಹಿಮದ ಸೀಮೆಯಲ್ಲಿ ಭೂಮಿ ಭಾರಿಯಾಗಿ ನಡುಗಿದ್ದರಿಂದ ಉದಗೀರ, ನಿಲಂಗಾ, ಉಮರಗಾ ಈ ಮೂರು ಊರುಗಳಲ್ಲಿ ಒಂದೊಂದು ಹೊಸ ಕಚೇರಿ ಹುಟ್ಟಿತು. ದೊಡ್ಡ ಭೂಕಂಪಗಳು ದೂರದ ಸ್ಥಳಗಳ ಮೇಲೂ ಪರಿಣಾಮ ಮಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಯಾರೂ ಕೇಳಲಿಲ್ಲ.

ಕಚೇರಿಯ ಪೂರ್ತಿ ಹೆಸರು 'ದೂರಸ್ಥ ಭೂಕಂಪದ ಸ್ಥಳೀಯ ಪರಿಣಾಮಗಳ ಹಂಗಾಮಿ ದಫ್ತರ' ಎಂದಿತ್ತು. ಅಷ್ಟು ಹೇಳುವುದರೊಳಗೆ ಎತ್ತು ಎರಡು ಮೊಳ ಮುಂದೆ ಹೋಗುತ್ತಿತ್ತಾದ್ದರಿಂದ ಜನ ಅದನ್ನು ನಡುಕದ ಕಚೇರಿ ಎಂದರು. ಉದಗೀರದ ಕಚೇರಿಗೆ ಒಬ್ಬ ಮೊಹತಮೀಮ ಸಾಹೇಬರು, ಅಂದರೆ ಮುಖ್ಯಾಧಿಕಾರಿ, ಒಬ್ಬ ಪೇಶ್ಕಾರ, ಅಂದರೆ ಗುಮಾಸ್ತ, ಇಬ್ಬರು ಜವಾನರು, ನಾಲ್ಕು ಕುರ್ಚಿ ಮಂಜೂರಾದವು. ಮೊಹತಮೀಮ ಸಾಹೇಬರು ದೂರದ ಸೀಮೆಯವರು. ಉರ್ದು ಬಿಟ್ಟರೆ ಬೇರೆ ಮಾತು ಬಾರದು. ಅವರು ಹೇಳಿದ್ದನ್ನು ಪೇಶ್ಕಾರ ಅಂಬಣ್ಣ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ, ಬೇಕಾದಷ್ಟು ಮಾತ್ರ.

ರಾಜಧಾನಿ ಹೈದರಾಬಾದಿನ ಹುಕುಮಿನ ಪ್ರಕಾರ ಪ್ರತಿ ಕಚೇರಿ ವಾರಕ್ಕೊಮ್ಮೆ ನಾಲ್ಕು ಕಲಮುಗಳ ವರದಿ ಕಳಿಸಬೇಕು. ಒಂದು: ದೊಡ್ಡ ಭೂಕಂಪದ ಮೊದಲು ಸ್ಥಳೀಯ ಭೂಮಿ ದಿನಕ್ಕೆ ಎಷ್ಟು ಸಲ ನಡುಗುತ್ತಿತ್ತು. ಎರಡು: ಈಗ ಎಷ್ಟು ಸಲ ನಡುಗುತ್ತದೆ. ಮೂರು: ಹೆಚ್ಚಾಗಿದ್ದರೆ ಯಾಕೆ ಹೆಚ್ಚಾಯಿತು, ಕಡಿಮೆಯಾಗಿದ್ದರೆ ಯಾರ ಅಪ್ಪಣೆಯಿಂದ ಕಡಿಮೆಯಾಯಿತು. ನಾಲ್ಕು: ಸ್ಥಳೀಯ ನಡುಕವು ದೊಡ್ಡ ಭೂಕಂಪದ ಕೈಕೆಳಗೆ ನಡೆದದ್ದೋ, ಸ್ವಂತ ಅಧಿಕಾರದಿಂದ ನಡೆದದ್ದೋ. ಕೊನೆಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: 'ಸೊನ್ನೆ ಬರೆಯುವವರು ಸೊನ್ನೆಗೆ ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ ತಮ್ಮ ಕಚೇರಿ ಯಾಕಿರಬೇಕು ಎಂಬುದನ್ನು ಬರೆಯಬೇಕು.' ಈ ಕೊನೆಯ ವಾಕ್ಯ ಓದಿ ಮುಗಿಸಿದ ಕೂಡಲೆ ಮೂರೂ ಊರುಗಳಲ್ಲಿ ಭೂಮಿ ನಡುಗತೊಡಗಿತು.

ನಡುಕ ಎಣಿಸಲು 'ಸ್ಥಳೀಯವಾಗಿ ಸಿಗುವ, ನೇತು ಬಿದ್ದಿರುವ, ನಂಬಿಗಸ್ತ ವಸ್ತು' ಉಪಯೋಗಿಸತಕ್ಕದ್ದು ಎಂದು ಹುಕುಮಿನಲ್ಲಿ ಹೇಳಿತ್ತು. ನಿಲಂಗಾದವರು ದಾರಿಹೋಕರು ತಂಗುವ ಸರಾಯಿಯ ಬಾಗಿಲಿಗೆ ಕಟ್ಟಿದ್ದ ಕಂದೀಲು ಹಿಡಿದರು. ಉಮರಗಾದವರು ದಾಳಿಂಬ ಹಳ್ಳಿಯ ಹೊಲದಲ್ಲಿ ಬೇವಿನ ಗಿಡಕ್ಕೆ ಕಟ್ಟಿದ್ದ ಒಂದು ತೊಟ್ಟಿಲು ಹಿಡಿದರು. ಒಳಗೆ ಕೂಸಿತ್ತು. ಕೂಸನ್ನು ತೆಗೆಯಬೇಕೆಂದು ಹುಕುಮಿನಲ್ಲಿ ಎಲ್ಲೂ ಹೇಳಿರಲಿಲ್ಲ.

ಉದಗೀರದಲ್ಲಿ ಅಂಬಣ್ಣ ಸೀದಾ ಕಲ್ಯಾಣಪ್ಪನ ಅಡತಿ ಅಂಗಡಿಗೆ ಬಂದ.

ಕಲ್ಯಾಣಪ್ಪ ಐವತ್ತು ದಾಟಿದ ವ್ಯಾಪಾರಿ. ರೈತರು ತಂದ ಕುಸುಬಿ, ತೊಗರಿ, ಜೋಳ ತೂಗಿಸಿಕೊಂಡು ಮಾರಿಸಿ ಕೊಡುವುದು ಅಜ್ಜನ ಕಾಲದಿಂದ ಬಂದ ಕಸುಬು. ಎದುರಿಗೆ ಯಾರಾದರೂ ಅತ್ತರೆ ಮೊದಲು ಅವರ ಚೀಲ ನೋಡಿ ಆಮೇಲೆ ಮುಖ ನೋಡುವ ಮನುಷ್ಯ. ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದೇ ಬಾಗಿಲು. ಅಂಗಡಿಯ ಸಾಗುವಾನಿ ತೊಲೆಗೆ ಆಳೆತ್ತರದ ಒಂದು ತಕ್ಕಡಿ ತೂಗುಬಿದ್ದಿತ್ತು. ಅದರ ತಟ್ಟೆಯಲ್ಲಿ ಎಮ್ಮೆಕರು ಮಲಗಬಹುದಿತ್ತು. ಸುತ್ತಣ ರೈತರು ಮೊದಲ ಚೀಲ ಏರಿಸುವಾಗ ಅದಕ್ಕೆ ಕೈಮುಗಿಯುತ್ತಿದ್ದರು.

"ಸಾವಕಾರ್ರ," ಎಂದ ಅಂಬಣ್ಣ, ಗಾದಿಯ ಅಂಚಿಗೆ ಕೂತು. "ಉದಗೀರದಾಗ ನಂಬಿಗಸ್ತ ಅನ್ನೂವಂಥಾದ್ದು ಏನೇನದ?"

"ಮನುಷ್ಯಾರ ಪೈಕಿ ಕೇಳ್ತೀರೇನ್ರೀ?"

"ಮನುಷ್ಯಾರ ಬ್ಯಾಡ. ನೇತು ಹಾಕ್ಲಿಕ್ಕ ಬರೂವಂಥಾದ್ದು ಬೇಕಾಗ್ಯಾದ."

"ಮನುಷ್ಯಾರನ್ನೂ ನೇತು ಹಾಕ್ಲಿಕ್ಕ ಬರ್ತದ."

"ಬರ್ತದ. ಅದಕ್ಕ ಬ್ಯಾರೆ ಇಲಾಖಾ ಅದ."

ತಕ್ಕಡಿಯನ್ನು ಸರ್ಕಾರಿ ಕೆಲಸಕ್ಕೆ ಒಯ್ಯುವ ಕಾಗದ ಅಂಬಣ್ಣನ ಕಿಸೆಯಲ್ಲಿ ಆಗಲೇ ಇತ್ತು. ಬೇಡ ಎನ್ನುವ ಜಾಗ ಆ ಕಾಗದದಲ್ಲಿ ಇರಲಿಲ್ಲ. ಕಲ್ಯಾಣಪ್ಪನಿಗೂ ಒಳಗೊಳಗೆ ಮೀಸೆ ತಿರುವುವಂತಾಗಿತ್ತು, ಸುಳ್ಳು ಯಾಕೆ ಹೇಳಬೇಕು. ತಕ್ಕಡಿ ಬಂಡಿಯ ಮೇಲೆ ಏರಿ ಹೋದ ಮೇಲೆ ಒಳಗೆ ಬಂದು ಹೆಂಡತಿ ಗಿರಿಜಾಬಾಯಿಗೆ ಹೇಳಿದ: "ಕೇಳಿದೇನ, ಸರ್ಕಾರಕ್ಕ ಭೂಮಿ ತೂಗ್ಲಿಕ್ಕ ನನ್ನ ತಕ್ಕಡಿನೇ ಬೇಕಾತು."

ಗಿರಿಜಾಬಾಯಿ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ಅವರು ಭೂಮಿ ತೂಗೂತನಕ ನೀವು ಕುಸುಬಿ ಎದರಾಗ ತೂಗ್ತೀರಿ? ನನ್ನ ಹಿಟ್ಟು ನಾದೂ ಪರಾತದಾಗೇನು?"

ಮೀಸೆ ತಾನಾಗಿ ಕೆಳಗಿಳಿಯಿತು. ಕುಸುಬಿಯ ಬಂಡಿಗಳು ದಾರಿ ಹಿಡಿದಿದ್ದವು. ಅಕ್ಷಯ ತದಿಗೆಯೊಳಗೆ ಬಂದಷ್ಟು ಮಾಲೇ ಆ ವರ್ಷದ ವ್ಯಾಪಾರ; ಅದಾದ ಮೇಲೆ ರೈತ ಹೊಲ ಹದ ಮಾಡಲು ಹೋಗುತ್ತಾನೆ, ಪೇಟೆಯಲ್ಲಿ ನಾಯಿ ಮಲಗುತ್ತದೆ. ಎದುರಿಗೇ ವೀರಭದ್ರನ ಅಡತಿ ಇತ್ತು, ತಕ್ಕಡಿ ಸಮೇತ. ಒಂದು ವರ್ಷ ಆ ಕಡೆ ತಿರುಗಿದ ಎತ್ತು ಮರುವರ್ಷ ಈ ಕಡೆ ತಿರುಗುವುದಿಲ್ಲ. ಮನುಷ್ಯನಿಗಿಂತ ಎತ್ತಿಗೆ ನೆನಪು ಜಾಸ್ತಿ.

ಇತ್ತ ಕಚೇರಿಯಲ್ಲಿ ತಕ್ಕಡಿ ಬಹಳ ಮುತುವರ್ಜಿಯಿಂದ ಕೆಲಸ ಮಾಡುತ್ತಿತ್ತು. ಅದರ ನಡುವಿನ ಮುಳ್ಳು ಗಾಳಿ ಬೀಸಿದರೆ ಅದುರಿತು, ಜವಾನ ಬಾಗಿಲು ಹಾಕಿದರೆ ಅದುರಿತು, ಅಂಬಣ್ಣ ಕೆಮ್ಮಿದರೆ ಕುಣಿಯಿತು. ಮೊದಲ ವಾರದ ವರದಿಯಲ್ಲಿ ಉದಗೀರ ಒಂದು ಸಾವಿರದ ನಾನೂರು ನಡುಕ ಬರೆಯಿತು. ನಿಲಂಗಾ ಒಂಬೈನೂರು. ಉಮರಗಾ ಎರಡು ಸಾವಿರ ದಾಟಿತು, ಯಾಕೆಂದರೆ ಕೂಸಿಗೆ ಹಲ್ಲು ಬರುತ್ತಿದ್ದವು. ಕೂಸಿನ ತಾಯಿ ಮಾಕಣಿಯವಳೆಂದು ತಿಳಿದು ಮಾಕಣಿಯ ಪಾಟೀಲನು ಅರ್ಧ ನಡುಕ ತನ್ನ ಊರಿನ ಹೆಸರಿಗೆ ಬರೆಯಬೇಕೆಂದು ಅರ್ಜಿ ಹಾಕಿದ. ಅರ್ಜಿ ವಿಚಾರಣೆಯಲ್ಲಿದೆ.

ಉತ್ತರದ ನೊಂದ ಜನಕ್ಕೆಂದು ಪೇಟೆಯವರು ಎರಡು ಬಂಡಿ ಜೋಳ ಕೂಡಿಸಿದ್ದರು. ಬಂಡಿ ಕಚೇರಿಯ ಮುಂದಿನಿಂದ ಹಾಯುವಾಗ ಮುಳ್ಳು ಅದುರಿತೆಂದು ಜವಾನರು ತಡೆದರು. ದೊಡ್ಡ ಭೂಕಂಪದ ಪರಿಣಾಮ ಅಳೆಯುವ ಕೆಲಸಕ್ಕೆ ದೊಡ್ಡ ಭೂಕಂಪದಲ್ಲಿ ನೊಂದವರೇ ಅಡ್ಡಿ ಬರುವುದು ಸರಿಯಲ್ಲ ಎಂದು ಮೊಹತಮೀಮ ಸಾಹೇಬರು ಬೇಸರಪಟ್ಟರು. ಜೋಳ ಕಚೇರಿಯಲ್ಲೇ ಉಳಿಯಿತು. ಆಮೇಲೆ ಕಚೇರಿಯಲ್ಲೂ ಉಳಿಯಲಿಲ್ಲ.

ಹತ್ತನೆಯ ದಿನ ಕಲ್ಯಾಣಪ್ಪ ಪಗಡಿ ಸುತ್ತಿಕೊಂಡು ಕಚೇರಿಗೆ ಹೋದ.

"ಪೇಶ್ಕಾರ ಸಾಹೇಬ್ರ, ತಕ್ಕಡಿ ಯಾವಾಗ ಬರ್ತದ್ರಿ?"

ಅಂಬಣ್ಣ ಹುಕುಮಿನ ಹನ್ನೊಂದನೆಯ ಕಲಮು ತೆಗೆದು ಓದಿದ: "ಮುಳ್ಳು ಸತತವಾಗಿ ಇಪ್ಪತ್ತೊಂದು ದಿವಸ ಅಲುಗಾಡದೆ ನಿಂತಲ್ಲಿ, ದೊಡ್ಡ ಭೂಕಂಪದ ಪರಿಣಾಮವು ಸ್ಥಳೀಯವಾಗಿ ತೀರಿತೆಂದು ತಿಳಿದು, ವಸ್ತುವನ್ನು ಧಣಿಗೆ ಹಿಂತಿರುಗಿಸತಕ್ಕದ್ದು."

"ಅದು ನಿಲ್ಲೂದು ಯಾವಾಗ?"

"ಭೂಮಿ ನಿಂತ ಮ್ಯಾಲ."

"ಭೂಮಿ ನಿಂತೇ ಅದಲ್ರೀ!"

ಅಂಬಣ್ಣ ಎದ್ದು ಬಾಗಿಲು ಮುಂದೆ ಮಾಡಿ ಬಂದ. ಮುಳ್ಳು ಅದುರಿತು, ಜವಾನ ಒಂದು ಗೆರೆ ಎಳೆದ. "ಸಾವಕಾರ್ರ, ಇನ್ನೊಮ್ಮಿ ಈ ಮಾತು ನಿಮ್ಮ ಬಾಯಾಗಿಂದ ಬರಬಾರದು. ಈ ನಾಲ್ಕು ಕುರ್ಚಿ ನಿಂತದ್ದು ಭೂಮಿ ನಡುಗ್ತದಂತ. ಅದು ನಿಂತರ ಇವು ಬೀಳ್ತಾವ. ಒಂದರ ಮ್ಯಾಲ ನಾ ಕೂತೀನಿ."

ಇದು ವ್ಯವಹಾರದ ಮಾತು. ಕಲ್ಯಾಣಪ್ಪನಿಗೆ ತಟ್ಟನೆ ತಿಳಿಯಿತು. ಮುಂಬೈ ಪೇಟೆಯಲ್ಲಿ ಹತ್ತಿಯ ಭಾವ ಬಿದ್ದರೆ ಉದಗೀರದಲ್ಲಿ ಹತ್ತಿ ಕಾಣದವರೂ ಮೈ ನಡುಗಿಸಿಕೊಂಡು ಲಾಭ ಮಾಡುವುದನ್ನು ಅವನು ಕಂಡಿದ್ದ. ತಿಳಿಯದ್ದು ಒಂದೇ: ತನ್ನ ತಕ್ಕಡಿ ಬಿಡಿಸಿಕೊಳ್ಳುವ ಬಗೆ.

ಬಗೆ ಇಲ್ಲದೆ ಇರಲಿಲ್ಲ. ತೂಗುಬಿದ್ದ ತಕ್ಕಡಿ ತಾನಾಗಿ ಯಾವತ್ತೂ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಬೇಕಾಗುತ್ತದೆ. ಅಂಗಡಿಯಲ್ಲಿ ಆ ಕೆಲಸ ತೂಗುವಾಳು ಮಲ್ಲಣ್ಣನದು. ಕುರುಬರ ದೇವರಾದ ಬೀರಪ್ಪನ ಒಕ್ಕಲು, ಮನೆಯಲ್ಲಿ ಅರವತ್ತು ಕುರಿ, ಕೈಯಲ್ಲಿ ಗೇಣುದ್ದದ ಹೆಬ್ಬಟ್ಟು. ಮಾಲು ಏರಿದ ಮೇಲೆ ಆ ಹೆಬ್ಬಟ್ಟು ತಕ್ಕಡಿಯ ದಂಡಿಗೆ ಹೂವಿನಂತೆ ತಾಗುತ್ತಿತ್ತು. ಮುಳ್ಳು ಗಕ್ಕನೆ ನಿಲ್ಲುತ್ತಿತ್ತು. ನಿಲ್ಲುವಾಗ ಕೂದಲೆಳೆಯಷ್ಟು ಅಂಗಡಿಯ ಕಡೆ ವಾಲಿ ನಿಲ್ಲುತ್ತಿತ್ತು. ಇದನ್ನು ಕಲ್ಯಾಣಪ್ಪನ ಅಜ್ಜ ಕಳವು ಎನ್ನಲಿಲ್ಲ, ಅಪ್ಪ ಎನ್ನಲಿಲ್ಲ, ಅವನೂ ಎನ್ನಲಿಲ್ಲ. 'ನಿಲ್ಲಿಸೂದು' ಎನ್ನುತ್ತಿದ್ದರು.

"ಹೋಗಿ ಹೇಳಿಬಿಡ್ರಿ," ಎಂದಳು ಗಿರಿಜಾಬಾಯಿ. "ಹೆಬ್ಬಟ್ಟು ಇಲ್ಲದ ಅದು ನಿಲ್ಲೂದಿಲ್ಲ ಅಂತ."

"ಹುಚ್ಚಿ ಇದ್ದಿ. ಹೇಳಿದರ ತಕ್ಕಡಿ ಮನಿಗಿ ಬರ್ತದ, ಅಂಗಡಿ ಊರು ಬಿಟ್ಟು ಹೋಗ್ತದ."

"ಹಂಗಾರ ಹೇಳಬ್ಯಾಡ್ರಿ. ಹೆಬ್ಬಟ್ಟು ಕಳಿಸ್ರಿ."

ಕಲ್ಯಾಣಪ್ಪ ಹೆಂಡತಿಯನ್ನು ಒಂದು ಗಳಿಗೆ ನೋಡಿದ. ಈಕೆಯನ್ನು ಗಾದಿಯ ಮೇಲೆ ಕೂಡಿಸಿ ತಾನು ರೊಟ್ಟಿ ತಟ್ಟಿದ್ದರೆ ಇಷ್ಟೊತ್ತಿಗೆ ಸೋಲಾಪುರದಲ್ಲೂ ಒಂದು ಅಂಗಡಿ ಇರುತ್ತಿತ್ತು ಎಂದು ಅವನಿಗೆ ಮೊದಲ ಸಲವೇನೂ ಅನಿಸಲಿಲ್ಲ. ಮಲ್ಲಣ್ಣನನ್ನು ಕರೆಸಿದ.

"ಮಲ್ಲಣ್ಣಾ, ನಿನ್ನ ಹೆಬ್ಬಟ್ಟಿಗಿ ಸರ್ಕಾರಿ ನೌಕರಿ ಬಂದದ."

"ಉಳಿದ ಮೈಗಿ, ಧಣ್ಯಾರ?"

"ಅದು ಹೆಬ್ಬಟ್ಟಿನ ಬೆನ್ನ ಹತ್ತಿ ಹೋಗ್ತದ."

ಮರುದಿನ ಮೊಹತಮೀಮ ಸಾಹೇಬರ ಮುಂದೆ ಪರೀಕ್ಷೆ ನಡೆಯಿತು. ಮಲ್ಲಣ್ಣ ಬೀರಪ್ಪನನ್ನು ನೆನೆದು, ಹಣೆಗೆ ಭಂಡಾರ ಹಚ್ಚಿಕೊಂಡು, ದಂಡಿಗೆ ಹೆಬ್ಬಟ್ಟು ತಾಗಿಸಿದ. ಮುಳ್ಳು ಗೂಟ ಬಡಿದಂತೆ ನಿಂತಿತು. ಅಂಬಣ್ಣ ಕೆಮ್ಮಿ ನೋಡಿದ. ಜವಾನ ಬಾಗಿಲು ಬಡಿದು ನೋಡಿದ. ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ಇವನು ತಕ್ಕಡಿ ಹಿಡಿದಿದ್ದಾನಲ್ಲ ಎಂದು ಚಿಕ್ಕ ಜವಾನ ಬಾಯಿ ತೆಗೆದ. ಸಾಹೇಬರು ಅವನಿಗೆ ತಾಳ್ಮೆಯಿಂದ ತಿಳಿಸಿ ಹೇಳಿದರು: ತಕ್ಕಡಿ ತೊಲೆಗೆ ಕಟ್ಟಿದೆ, ತೊಲೆ ಗೋಡೆಯ ಮೇಲಿದೆ, ಗೋಡೆ ಭೂಮಿಯ ಮೇಲಿದೆ. ಆದಕಾರಣ ಅವನು ಹಿಡಿದದ್ದು ಭೂಮಿಯನ್ನು.

ಅದೇ ಸಂಜೆ ಮಲ್ಲಣ್ಣನಿಗೆ 'ಹಂಗಾಮಿ ಭೂಸ್ತಂಭಕ' ಎಂಬ ಹುದ್ದೆ, ಒಂದು ಕೆಂಪು ಪಟ್ಟಿ, ಮತ್ತು ಮೂರು ನಿಯಮ ಬಂದವು. ಕಚೇರಿ ವೇಳೆಯಲ್ಲಿ ಹೆಬ್ಬಟ್ಟು ಸರ್ಕಾರದ್ದು. ಅದರಿಂದ ಎಲೆಗೆ ಸುಣ್ಣ ಹಚ್ಚಕೂಡದು. ಅದನ್ನು ಯಾರಿಗೂ ತೋರಿಸಿ ಅಣಕಿಸಕೂಡದು.

ಮೂರು ದಿವಸ ಉದಗೀರದ ಭೂಮಿ ನಿಶ್ಚಲವಾಗಿತ್ತು. ಕಲ್ಯಾಣಪ್ಪ ಗೋಡೆಗೆ ಇದ್ದಿಲಿನಿಂದ ಮೂರು ಗೀಟು ಎಳೆದ. ಇಪ್ಪತ್ತೊಂದಾಗುವಾಗ ತದಿಗೆಗೆ ಇನ್ನೂ ಎರಡು ದಿನ ಉಳಿಯುತ್ತಿತ್ತು. ತಡವಾಗಿ ಬರುವ ಬಂಡಿಯಾದರೂ ಸಿಕ್ಕೀತು.

ನಾಲ್ಕನೆಯ ದಿನ ನಿಲಂಗಾ ಕಚೇರಿಯ ಪೇಶ್ಕಾರ ಭೀಮಶಾ ಕುದುರೆಯ ಮೇಲೆ ಧೂಳೆಬ್ಬಿಸುತ್ತ ಬಂದಿಳಿದ. ಇಳಿದವನು ನೀರು ಕೂಡ ಕೇಳಲಿಲ್ಲ.

"ಅಂಬಣ್ಣಾ, ಇದು ಮನುಷ್ಯಾರು ಮಾಡೂ ಕೆಲಸ ಏನೋ? ನಿಮ್ಮ ನಡುಕ ನಮ್ಮ ಕಡಿ ನೂಕ್ಲಿಕತ್ತೀರಿ!"

"ಯಾರು ನೂಕ್ಯಾರ?"

"ನೀವು ಇಲ್ಲಿ ಒತ್ತಿದ ದಿನದಿಂದ ನಮ್ಮ ಕಂದೀಲು ಎರಡು ಪಟ್ಟು ಓಲಾಡ್ಲಿಕತ್ತದ. ನಿನ್ನೆ ಗಾಜು ಒಡೀತು. ಗಾಳಿ ಬಿಟ್ಟದ ಅಂತ ಹೇಳಬ್ಯಾಡ, ಗಾಳಿ ನಮ್ಮ ಇಲಾಖಾದಾಗ ಬರೂದಿಲ್ಲ."

ಅಂಬಣ್ಣ ಇದನ್ನು ತಿರುಗಿಸಿ ಹೇಳಿದಾಗ ಮೊಹತಮೀಮ ಸಾಹೇಬರು ಸಿಟ್ಟಾಗುವರೆಂದು ಎಲ್ಲರೂ ತಿಳಿದಿದ್ದರು. ಅವರು ಎದ್ದು ಭೀಮಶಾನನ್ನು ಅಪ್ಪಿಕೊಂಡರು. ಒಂದು ಕಡೆ ಭೂಮಿಗೆ ಆದದ್ದು ಇನ್ನೊಂದು ಕಡೆ ಭೂಮಿಗೆ ತಟ್ಟುತ್ತದೆ ಎಂಬುದನ್ನು ಸಿದ್ಧ ಮಾಡಲೆಂದೇ ಅಲ್ಲವೇ ಈ ಇಲಾಖೆ ಹುಟ್ಟಿದ್ದು! ಮಡಿಯಲ್ಲಿ ನೀರು ಕಟ್ಟಿದರೆ ಪಕ್ಕದ ಮಡಿಗೆ ಹರಿಯುವಂತೆ ಉದಗೀರದಲ್ಲಿ ಒತ್ತಿದ ನಡುಕ ನಿಲಂಗಾದಲ್ಲಿ ಎದ್ದಿದೆ. ವರದಿ ಹೋಯಿತು, ಹೈದರಾಬಾದಿನಿಂದ ಶಾಬಾಸಕಿ ಬಂತು, ಹಂಗಾಮಿ ಎಂಬ ಮಾತು ಕಚೇರಿಯ ಹೆಸರಿನಿಂದ ಉದುರಿತು. ಜೊತೆಗೆ ಒಂದು ಹೊಸ ನಿಯಮವೂ ಬಂತು: ಯಾವ ಊರಿನ ಪ್ರಜೆಗೂ ಅನ್ಯಾಯವಾಗದಂತೆ ನಡುಕವನ್ನು ಪಾಳಿಯ ಮೇಲೆ ಹಂಚತಕ್ಕದ್ದು. ಸೋಮವಾರ, ಗುರುವಾರ ಉದಗೀರ ನಡುಗಬೇಕು. ಮಂಗಳವಾರ, ಶನಿವಾರ ನಿಲಂಗಾ. ಬುಧವಾರ, ರವಿವಾರ ಉಮರಗಾ. ಶುಕ್ರವಾರ ಸೂಟಿ.

ಕಲ್ಯಾಣಪ್ಪ ಗೋಡೆಯ ಗೀಟುಗಳನ್ನು ನೋಡಿದ. ಇನ್ನು ಜನ್ಮದಲ್ಲಿ ಮುಳ್ಳು ಸತತ ನಾಲ್ಕು ದಿವಸ ನಿಲ್ಲುವ ಹಾಗಿರಲಿಲ್ಲ, ಇಪ್ಪತ್ತೊಂದರ ಮಾತು ದೂರ. ಮೊದಲು ತಕ್ಕಡಿ ಒಂದೇ ಹೋಗಿತ್ತು. ಈಗ ತನ್ನ ಜಾಣತನದಿಂದ ತೂಗುವಾಳೂ ಹೋಗಿದ್ದ. ಕೆಂಪು ಪಟ್ಟಿ ಕಟ್ಟಿದ ಮಲ್ಲಣ್ಣ ಪೇಟೆಯಲ್ಲಿ ಎದುರಾದರೆ ಹೆಬ್ಬಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಡೆಯುತ್ತಿದ್ದ.

ಅದೇ ವಾರ ಶಿರೂರ ಅನಂತಪಾಳದಿಂದ ಮೊದಲ ಬಂಡಿ ಬಂತು. ಬಂಡಿಯ ಮೇಲೆ ಹನ್ನೆರಡು ಚೀಲ ಕುಸುಬಿ, ಚೀಲಗಳ ಮೇಲೆ ಸರುಬಾಯಿ. ಗಂಡ ಸತ್ತ ಮೇಲೆ ಹೊಲ, ಎತ್ತು, ಭಾವಂದಿರು, ಮೂರನ್ನೂ ಒಬ್ಬಳೇ ಹತೋಟಿಯಲ್ಲಿಟ್ಟ ಹೆಂಗಸು. ಅಂಗಡಿಯೊಳಗೆ ಇಣುಕಿ, ಬರಿದಾದ ತೊಲೆ ನೋಡಿದಳು.

"ತಕ್ಕಡಿ ಎಲ್ಲದ?"

"ಸರ್ಕಾರಿ ಕೆಲಸಕ್ಕ ಹೋಗ್ಯಾದವ್ವಾ. ಎರಡು ದಿನ ತಡಿ."

"ಎರಡು ದಿನ ತಡೀತೀನಿ. ಮೂರನೇ ದಿನ ವೀರಭದ್ರನ ಅಂಗಡಿ. ನನ್ನ ಹಿಂದ ನಮ್ಮೂರದು ನಲವತ್ತು ಬಂಡಿ ಅವ, ನಾ ಎತ್ತ ಹೊಳ್ಳತೀನಿ ಅವೂ ಅತ್ತ."

ಕಲ್ಯಾಣಪ್ಪ ಎದ್ದು ಬಂದು ಬಂಡಿಯ ನೊಗ ಹಿಡಿದ. "ಸರುಬಾಯಿ, ವೀರಭದ್ರನ ತಕ್ಕಡಿ ಖರೆ ಅಲ್ಲ, ಅದು ನಿನಗ ಗೊತ್ತಿಲ್ಲೇನು?"

"ಖರೆ ತಕ್ಕಡಿ ಯಾರದದ, ಅಣ್ಣಾ? ನಿಮ್ಮ ಮಲ್ಲಣ್ಣನ ಹೆಬ್ಬಟ್ಟು ಚೀಲಕ್ಕ ಸವ್ವಾ ಸೇರು. ನಮ್ಮತ್ತಿ ಬಂಡಿ ಕಟ್ಟೂ ಕಾಲದಿಂದ ಸವ್ವಾ ಸೇರು. ಮನಿಯಾಗ ಚೀಲ ತುಂಬೂವಾಗನ ಅಷ್ಟು ಹೆಬ್ಬಟ್ಟಿಗಿ ಅಂತ ತೆಗೆದು ಲೆಕ್ಕ ಹಿಡೀತೀವಿ. ವೀರಭದ್ರ ಒಮ್ಮಿ ಒಂದು ಸೇರು ಹೊಡೀತಾನ, ಒಮ್ಮಿ ಮೂರು. ಅಂವಾ ನಂಬಿಗಸ್ತ ಅಲ್ಲ."

ಮೂವತ್ತು ವರ್ಷ ಹೆಂಡತಿ, ಮಲ್ಲಣ್ಣರ ಹೊರತು ಯಾರಿಗೂ ಗೊತ್ತಿಲ್ಲವೆಂದು ಮುಚ್ಚಿಟ್ಟುಕೊಂಡಿದ್ದ ಗುಟ್ಟು ಬೀದಿಯ ನಡುವೆ ಕುಸುಬಿ ಚೀಲದ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿತ್ತು. ಕಲ್ಯಾಣಪ್ಪನಿಗೆ ನಾಚಿಕೆ ಆಗಬೇಕಿತ್ತು. ಬದಲಿಗೆ ಮನಸ್ಸು ಹಗುರಾಗಿ, ತಲೆ ಓಡತೊಡಗಿತು. ಇವರಿಗೆ ಬೇಕಾದದ್ದು ಅಂಗಡಿಯಲ್ಲ, ಸವ್ವಾ ಸೇರು, ಸದಾ ಅದೇ ಒಂದೂಕಾಲು. ಅದು ಎಲ್ಲಿದ್ದರೂ ನಡೆಯುತ್ತದೆ.

ಅಂದೇ ಕೂತು ಒಂದು ಅರ್ಜಿ ಬರೆಸಿದ. ಅದರ ಸಾರಾಂಶ ಹೀಗಿತ್ತು: 'ಖಾಲಿ ತಕ್ಕಡಿಯು ಹಗುರಾದ್ದರಿಂದ ಗಾಳಿಯ ನಡುಕ ಯಾವುದು, ದೊಡ್ಡ ಭೂಕಂಪದಿಂದ ಹುಟ್ಟಿದ ನಡುಕ ಯಾವುದು ಎಂದು ವಿಂಗಡಿಸಲು ಅಸಮರ್ಥವಾಗಿದೆ. ಇದರಿಂದ ಸರ್ಕಾರಕ್ಕೆ ಗಾಳಿಯ ವರದಿ ಹೋಗುವ ಅಪಾಯವಿದೆ. ಆದಕಾರಣ ತಟ್ಟೆಯಲ್ಲಿ ತಕ್ಕ ಭಾರ ಇಟ್ಟು ಪರೀಕ್ಷಿಸುವುದು ಲೇಸು. ಸದರಿ ಭಾರವನ್ನು ತಕ್ಷಣ ಒದಗಿಸಲು ಅರ್ಜಿದಾರನು ಸಿದ್ಧನಿದ್ದಾನೆ. ಭಾರವು ಶಿರೂರ ಅನಂತಪಾಳದಿಂದ ಬಂದು ಬಾಗಿಲಲ್ಲಿ ನಿಂತಿದೆ.'

ಮೊಹತಮೀಮ ಸಾಹೇಬರು ಇಂಥ ಪ್ರಜೆಗಳು ಊರಿಗೆ ಹತ್ತು ಮಂದಿ ಇದ್ದರೆ ಭೂಕಂಪದ ಭಯವೇ ಇರುವುದಿಲ್ಲ ಎಂದರು. ಮರುದಿನ ಪೇಟೆಯಲ್ಲಿ ಡಂಗುರ ಸಾರಿದರು:

'ಕೇಳ್ರಪ್ಪೋ ಕೇಳ್ರಿ! ಇನ್ನು ಮುಂದ ಉದಗೀರಕ್ಕ ಬರೂ ಸಮಸ್ತ ಚೀಲಗಳು ನಡುಕದ ಕಚೇರಿಯೊಳಗ ಪರೀಕ್ಷಾ ಆಗಬೇಕು! ನಿಂತ ದಿನ ಹೆಬ್ಬಟ್ಟು ಹಚ್ಚಿ ಪರೀಕ್ಷಾ! ನಡುಗೂ ದಿನ ಮುಳ್ಳು ಎರಡೂ ಕಡಿ ಓಲಾಡಿದರ ಕಡಿಮಿ ತೋರ್ಸಿದ್ದನ್ನ ಭೂಮಿಯ ಅಭಿಪ್ರಾಯ ಅಂತ ತಿಳೀಬೇಕು! ಹೊರಗ ತೂಗಿದ ಮಾಲು ಭೂಮಿ ಒಪ್ಪದ ಮಾಲು! ಕೇಳ್ರಪ್ಪೋ!'

ಸರುಬಾಯಿ ಗುರುವಾರ ಬಿಟ್ಟು ಶುಕ್ರವಾರ ಸೂಟಿ ಕಳೆದು ಶನಿವಾರ ಬಂಡಿ ಹೊಡೆದಳು. ಮಲ್ಲಣ್ಣ ಅಂಗಡಿಯ ರೂಢಿಯಂತೆ ಒಂದು ಎನ್ನುವಲ್ಲಿ 'ಲಾಭ' ಎಂದು ಎಣಿಕೆ ಸುರು ಮಾಡಿದ: "ಲಾಭ, ಎರಡು, ಮೂರು..." ಕಚೇರಿಯ ಜವಾನರು ಕೂಡ ಎರಡು ದಿನದಲ್ಲಿ ನಡುಕಗಳನ್ನು ಹಾಗೆಯೇ ಎಣಿಸತೊಡಗಿದರು. ಚೀಲಕ್ಕೆ ಸವ್ವಾ ಸೇರು ಹೆಬ್ಬಟ್ಟಿನದು, ಅದರ ಮೇಲೆ ಅರ್ಧ ಸೇರು ಭೂಮಿಯ ಪಾಲು ಎಂದು ಒಟ್ಟು ಒಂದೂಮುಕ್ಕಾಲು ಸೇರು ತೆಗೆದಿಟ್ಟರು. ಭೂಮಿ ತನ್ನ ಪಾಲು ಒಯ್ಯಲು ಬಾರದ್ದರಿಂದ ಮೊಹತಮೀಮ ಸಾಹೇಬರ ಅಡಿಗೆಯವನು ಅದನ್ನು ಗಾಣಕ್ಕೆ ಹಾಕಿ 'ಹಂಗಾಮಿಯಾಗಿ' ಎಣ್ಣೆ ತೆಗೆಸಿದ.

"ಸವ್ವಾ ಇದ್ದದ್ದು ಪಾವಣೇ ಎರಡು ಆತಲ್ಲೋ, ಮಲ್ಲಣ್ಣಾ?" ಎಂದಳು ಸರುಬಾಯಿ.

"ದೂರದಾಗ ದೊಡ್ಡ ಭೂಕಂಪ ಆಗ್ಯಾದಂತ, ಅಕ್ಕಾ."

"ಹೌದೇನು. ದಿನಾ ಇಷ್ಟೇನು?"

"ದಿನಾ ಇಷ್ಟ. ನಿಯಮ ಅದ."

"ಆಗ್ಲೇಳು. ದಿನಾ ಇಷ್ಟ ಇದ್ದರ ಚಿಂತಿಲ್ಲ." ಅವಳು ಹಿಂದಿನ ನಲವತ್ತು ಬಂಡಿಗಳಿಗೆ ಕೈ ಬೀಸಿದಳು.

ನಲವತ್ತರ ಹಿಂದೆ ಇನ್ನೂರು ಬಂದವು. ವೀರಭದ್ರನ ಗಿರಾಕಿಗಳೂ ಬಂದರು, ಯಾಕೆಂದರೆ ಹೊರಗೆ ತೂಗುವಂತಿರಲಿಲ್ಲ. ಕೊನೆಗೆ ವೀರಭದ್ರನೇ ಬಂದ. ಒಂದು ದಿನ ಬೀದಿಯಲ್ಲಿ ನಿಂತು ಸರ್ಕಾರವನ್ನೂ ಭೂಮಿಯನ್ನೂ ಬೈದ. ಎರಡನೆಯ ದಿನ ಕಲ್ಯಾಣಪ್ಪ ಅವನಿಗೆ ಒಂದು ಮುಕ್ಕಾಲಿ ಹಾಕಿಸಿ, "ತಮ್ಮಾ, ಬಿಸಲಾಗ ಯಾಕ ನಿಲ್ತಿ, ಒಳಗ ಕೂತು ಬೈಯಿ" ಎಂದ. ಕೂತ ಮೇಲೆ ಬೈಗಳು ತಾವಾಗಿ ದಣಿದವು.

ಕಚೇರಿಯೊಳಗೆ ಚೀಲಗಳು ತೊಲೆಯ ತನಕ ಏರಿದವು. ಕಲ್ಯಾಣಪ್ಪ ತನ್ನ ಗಾದಿ ತರಿಸಿ ಸಾಹೇಬರ ಮೇಜಿನ ಪಕ್ಕ ಹಾಕಿಸಿದ. ನಾಲ್ಕು ದಿನದಲ್ಲಿ ಮೇಜು ಗಾದಿಗೆ ಅಡ್ಡಿಯಾಯಿತು. ದಫ್ತರದ ಕಾಗದಗಳ ಮೇಲೆ ಕುಸುಬಿಯ ಮುಳ್ಳು ಬಿದ್ದು ಅಂಬಣ್ಣನಿಗೆ ಸಹಿ ಮಾಡಲು ಬಾರದಂತಾಯಿತು. ವಸ್ತುವನ್ನು ಕದಲಿಸಕೂಡದು ಎಂಬ ನಿಯಮ ಇದ್ದುದರಿಂದ ತಕ್ಕಡಿ ಹೊರಗೆ ಹೋಗುವಂತಿರಲಿಲ್ಲ. ಕಚೇರಿಯನ್ನು ಕದಲಿಸಕೂಡದು ಎಂಬ ನಿಯಮ ಯಾರೂ ಮಾಡಿರಲಿಲ್ಲ. ಒಂದು ಮುಂಜಾನೆ ಮೊಹತಮೀಮ ಸಾಹೇಬರು, ಅಂಬಣ್ಣ, ನಾಲ್ಕು ಕುರ್ಚಿ, ಎರಡು ಪೆಟ್ಟಿಗೆ ಕಾಗದ ಸಮೇತ ನಡುಕದ ಕಚೇರಿ ಪೇಟೆಯಲ್ಲಿ ಖಾಲಿ ಬಿದ್ದಿದ್ದ ಕಲ್ಯಾಣಪ್ಪನ ಅಂಗಡಿಗೆ ಬಂದು ಕೂತಿತು.

ಊರಿನವರಿಗೆ ಎರಡು ದಿನ ದಾರಿ ತಪ್ಪಿತು, ಮೂರನೆಯ ದಿನ ರೂಢಿಯಾಯಿತು. ಅರ್ಜಿ ಇದ್ದವರು ಅಂಗಡಿಗೆ ಹೋದರು, ಚೀಲ ಇದ್ದವರು ಕಚೇರಿಗೆ ಹೋದರು. ಅಂಬಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂತು ಕೂತು, ಯಾರಾದರೂ ಅರ್ಜಿ ಚಾಚಿದರೆ ಮೊದಲು ಕೈಯಲ್ಲಿ ತೂಕ ನೋಡಿ, "ಇದು ಹಗರ ಅದ, ಇನ್ನೊಂದು ಹಾಳಿ ಹಚ್ಚಿ ತಾ" ಎನ್ನತೊಡಗಿದ. ಇತ್ತ ಕಲ್ಯಾಣಪ್ಪ ಸರ್ಕಾರಿ ಗೋಡೆಗೆ ಒರಗಿ ಕೂತು ಕೂತು, ರೈತ ಇಂದಿನ ಭಾವ ಏನು ಎಂದು ಕೇಳಿದರೆ, "ನಿನ್ನ ಮಾತು ತಿಳೀತು. ವಿಚಾರ ಮಾಡಿ ತಿಳಸ್ತೀವಿ" ಎನ್ನತೊಡಗಿದ. ಹಾಗೆ ಹೇಳಿದಾಗ ರೈತರು ಭಾವ ಕೇಳುವುದನ್ನೇ ಬಿಟ್ಟರು. ಇಷ್ಟು ಸರಳ ಉಪಾಯ ಮೂರು ತಲೆಮಾರಿನಲ್ಲಿ ತಮಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಸೋಜಿಗವಾಯಿತು.

ತದಿಗೆಗೆ ಐದು ದಿನ ಇರುವಾಗ ಹೈದರಾಬಾದಿನಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಹಿತ್ತಾಳೆಯ ಯಂತ್ರ. ಭೂಮಿಯ ನಡುಕ ಅಳೆಯಲೆಂದೇ ವಿಲಾಯತಿಯಲ್ಲಿ ಮಾಡಿದ್ದಂತೆ. ಅಂಬಣ್ಣ ಜೊತೆಗಿದ್ದ ಕಾಗದ ಬಿಚ್ಚಿ ಓದಿದ. ಯಂತ್ರಕ್ಕೆ ಕೆಮ್ಮು ಯಾವುದು, ಭೂಕಂಪ ಯಾವುದು ಎಂದು ಗೊತ್ತಾಗುತ್ತದೆಂದು ಕಾಗದದಲ್ಲಿ ಬರೆದಿತ್ತು. ಅದು ಸೊನ್ನೆ ತೋರಿಸಿದರೆ ಕುರ್ಚಿ ಹೋಗುತ್ತವೆ; ಕುರ್ಚಿ ಹೋದರೆ ನಿಯಮ ಹೋಗುತ್ತದೆ; ನಿಯಮ ಹೋದರೆ ಎದುರಿನ ವೀರಭದ್ರನ ತಕ್ಕಡಿ ಮತ್ತೆ ತೂಗುತ್ತದೆ. ಅಂಬಣ್ಣ ಪೆಟ್ಟಿಗೆಯನ್ನು ಹೊರಿಸಿಕೊಂಡು ಕಲ್ಯಾಣಪ್ಪನ ಕಡೆಗೆ ಓಡಿ ಬಂದ.

"ಸಾವಕಾರ್ರ, ಇದನ್ನೇನು ಮಾಡೂದ್ರೀ?"

"ಹೊರಗಿನಿಂದ ಬಂದ ಮಾಲು ಅದ ಅಲ್ರೀ?"

"ಅದ."

"ಹಂಗಾರ ನಿಯಮ ಏನು ಹೇಳ್ತದ? ಮೊದಲು ತೂಕ."

ಮಲ್ಲಣ್ಣ ಪೆಟ್ಟಿಗೆಯನ್ನು ತಟ್ಟೆಗೆ ಏರಿಸಿ ಹೆಬ್ಬಟ್ಟು ತಾಗಿಸಿದ. ಕಾಗದದಲ್ಲಿ ಬರೆದ ತೂಕಕ್ಕೂ ಭೂಮಿಯ ಅಭಿಪ್ರಾಯಕ್ಕೂ ಪಾವಣೇ ಎರಡು ಸೇರು ಫರಕು ಬಂತು. 'ಮಾಲು ಕಡಿಮೆ ಬಂದಿರುವುದರಿಂದ ಯಂತ್ರದ ಕೆಲವು ಭಾಗಗಳು ದಾರಿಯಲ್ಲಿ ತಪ್ಪಿರುವ ಸಂಭವವಿದೆ. ಅಪೂರ್ಣ ಯಂತ್ರದಿಂದ ಅಪೂರ್ಣ ಭೂಕಂಪ ಅಳೆಯುವುದು ಸರಿಯಲ್ಲ' ಎಂಬ ಷರಾದೊಂದಿಗೆ ಪೆಟ್ಟಿಗೆ ತಿರುಗಿ ಹೋಯಿತು. ಹದಿನೈದು ದಿನಕ್ಕೆ, ತದಿಗೆ ಕಳೆದ ಮೇಲೆ, ಅದಕ್ಕೆ ಉತ್ತರ ಬಂತು. ಹೈದರಾಬಾದಿನವರು ತಪ್ಪು ಒಪ್ಪಿಕೊಂಡಿದ್ದರು. ಅಷ್ಟು ದೊಡ್ಡ ಭೂಕಂಪವಾದ ಮೇಲೆ ವಸ್ತುಗಳ ತೂಕ ಎಲ್ಲ ಕಡೆಯೂ ಒಂದಿಷ್ಟು ಕಡಿಮೆಯಾಗಿರಬಹುದು, ಈ ಬಗ್ಗೆ ಬೇರೊಂದು ದಫ್ತರ ತೆರೆಯುವ ವಿಚಾರವಿದೆ ಎಂದು ಬರೆದಿದ್ದರು.

ತದಿಗೆಯ ದಿನ ಕಡೆಯ ಬಂಡಿ ತೂಗಿ ಮುಗಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಂಥ ಸುಗ್ಗಿ ಕಲ್ಯಾಣಪ್ಪನ ಅಜ್ಜನೂ ಕಂಡಿರಲಿಲ್ಲ. ಅವನು ಪಗಡಿ ಕೊಡವಿ ಊಟಕ್ಕೆಂದು ಮನೆಯ ಕಡೆ ನಡೆದ. ಮನೆಗೆ ಅಂಗಡಿಯೊಳಗಿಂದಲೇ ದಾರಿ. ಅಂಗಡಿ ಈಗ ಕಚೇರಿ. ಅವನು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಮುಂದೆ ನಿಂತಿದ್ದ ಇಬ್ಬರ ಹಿಂದೆ ತಾನೂ ನಿಂತ. ಪಾಳಿ ಬಂದಾಗ ಅಂಬಣ್ಣ ತಲೆ ಎತ್ತದೆ ಕೇಳಿದ:

"ಏನು ಕೆಲಸ?"

"ಉಣ್ಣಲಿಕ್ಕ ಒಳಗ ಹೋಗಬೇಕಾಗ್ಯಾದ್ರಿ."

"ಅರ್ಜಿ?"

ಕಲ್ಯಾಣಪ್ಪ ಕಿಸೆಯಿಂದ ಕಾಗದ ತೆಗೆದು ಕೊಟ್ಟ. ಅಂಬಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ, ಸಹಿ ಮಾಡಿ, ಒಳಬಾಗಿಲಲ್ಲಿ ನಿಂತಿದ್ದ ಗಿರಿಜಾಬಾಯಿಗೆ ದಾಟಿಸಿದ. ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ಮುದ್ರೆ ಇದೆಯೋ ಇಲ್ಲವೋ ನೋಡಿಕೊಂಡು, ಗೂಟಕ್ಕೆ ಚುಚ್ಚಿದ್ದ ಹಿಂದಿನ ದಿನಗಳ ಕಾಗದಗಳ ಮೇಲೆ ಚುಚ್ಚಿದಳು.

"ಮಂಜೂರ ಆಗ್ಯಾದ, ಬರ್ರಿ," ಎಂದಳು. "ಹೋಳಿಗಿಗಿ ಬ್ಯಾರೆ ಅರ್ಜಿ ಹಾಕಿಲ್ಲ ನೀವು. ಇವತ್ತ ರೊಟ್ಟಿ ಅಷ್ಟ."

ಹಬ್ಬದ ದಿನ ಹೋಳಿಗೆಗೆ ಬೇರೆ ಅರ್ಜಿ ಬೇಕೆಂಬುದು ಕಲ್ಯಾಣಪ್ಪನಿಗೆ ಗೊತ್ತಿಲ್ಲದ ನಿಯಮವೇನಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಕೈಕಾಲು ತೊಳೆದು, ಅವನು ರೊಟ್ಟಿಗೆ ಕೂತ.